ಕಲ್ಲು ಹೊತ್ತವರ ಪಿಂಚಣಿ

ಕೆ. ಹೊಸಕೋಟೆ ಸೀಮೆಗೆ ಒಂದು ಕಡೆ ಸಕಲೇಶಪುರ ಘಟ್ಟದ ರೈಲು ಸುರಂಗಗಳು, ಇನ್ನೊಂದು ಕಡೆ ಗೊರೂರು ಅಣೆಕಟ್ಟು. ಎರಡೂ ಮುಗಿದದ್ದು 1979ರಲ್ಲಿ. ಕಲ್ಲು ಹೊತ್ತವರಿಗೆಂದೇ ಪಿಂಚಣಿಯ ಕಾನೂನು ಆಗ ಇರಲಿಲ್ಲ.

ಅದು ಬಂದದ್ದು 1996ರಲ್ಲಿ: ಕಟ್ಟಿಸುವವನು ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿ ಸೆಸ್ ಕಟ್ಟಬೇಕು, ಅದರಿಂದ ಅರವತ್ತು ತುಂಬಿದ ಕೂಲಿಕಾರರಿಗೆ ಪಿಂಚಣಿ. ಕರ್ನಾಟಕ ನಿಯಮ ಬರೆದದ್ದು 2006ರಲ್ಲಿ, ಮಂಡಳಿ ಮಾಡಿದ್ದು 2007ರಲ್ಲಿ. ಹನ್ನೊಂದು ವರ್ಷ ಕಾನೂನು ಮಲಗಿತ್ತು. ಗಾರೆ ಕಲಸುವ ಕೈ ಮಲಗಲಿಲ್ಲ.

ಮಂಡಳಿಯಲ್ಲಿ ಹೆಸರು ಬರೆಸಲು ವರ್ಷದಲ್ಲಿ 90 ದಿನ ದುಡಿದ ರುಜುವಾತು ಬೇಕಿತ್ತು. "ಸಹಿ ಹಾಕಿ ಸ್ವಾಮಿ" ಅಂದರೆ ಗುತ್ತಿಗೆದಾರ "ನಾಳೆ ಬಾ" ಅಂತಾನೆ. ಸಹಿ ಹಾಕಿದರೆ ತಾನು ಮಾಲೀಕ ಅಂತ ಒಪ್ಪಿದ ಹಾಗಲ್ಲವೆ? 2018ರಲ್ಲಿ ಸುಪ್ರೀಂ ಕೋರ್ಟೇ ಸರ್ಕಾರಗಳಿಗೆ ಛೀಮಾರಿ ಹಾಕಿತು. 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂತು. ಹಾಜರಿ ಪುಸ್ತಕ ಮಾಲೀಕನ ಕೈಲೇ ಇದ್ದರೆ ಏನು ಬಂದು ಏನು? ದುಡಿದ ದಿನಗಳನ್ನು ಸಂಘದಲ್ಲಿ ಕೂತು ನಾವೇ ಬರೆದಿಡಬೇಕು.