ಕಡತದೊಳಗಿನ ಗುಟ್ಟು: ಮೊದಲ ವರ್ಡ್ ಪ್ರೊಸೆಸರ್‌ಗಳು

ಮೊದಲ ವರ್ಡ್ ಪ್ರೊಸೆಸರ್‌ಗಳನ್ನು ಬರೆದವರು ಒಬ್ಬಿಬ್ಬರೇ. ಅವರ ಹಟ, ಅಭ್ಯಾಸ, ತಮಾಷೆ ಎಲ್ಲವೂ ಕೋಡ್‌ನಲ್ಲಿ ಉಳಿದವು. 1974ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್‌ಸನ್, ಚಾರ್ಲ್ಸ್ ಸಿಮೋನಿ ರೂಪಿಸಿದ ‘ಬ್ರಾವೊ’ದಲ್ಲಿ ಒಂದೊಂದು ಅಕ್ಷರವೂ ಒಂದೊಂದು ಆಜ್ಞೆ. ಬರೆಯುವ ಮೋಡ್‌ನಲ್ಲಿದ್ದೇನೆಂದುಕೊಂಡು ಯಾರಾದರೂ ‘ಎಡಿಟ್’ ಎಂದು ಟೈಪಿಸಿದರೆ ‘ಇ’ ಇಡೀ ಕಡತವನ್ನು ಆಯ್ದುಕೊಳ್ಳುತ್ತಿತ್ತು, ‘ಡಿ’ ಅಳಿಸುತ್ತಿತ್ತು, ‘ಐ’ ಬರೆಯಲು ಅನುವು ಮಾಡಿಕೊಡುತ್ತಿತ್ತು. ಕೊನೆಗೆ ಉಳಿಯುತ್ತಿದ್ದುದು ‘ಟಿ’ ಒಂದೇ.

1978ರ ವರ್ಡ್‌ಸ್ಟಾರ್‌ನ ಗುಟ್ಟು ಇದಕ್ಕಿಂತ ಆಳದ್ದು. ಮೈಕ್ರೊಪ್ರೊ ಕಂಪನಿಗಾಗಿ ರಾಬ್ ಬಾರ್ನಬಿ ಅದನ್ನು ಅಸೆಂಬ್ಲಿ ಭಾಷೆಯಲ್ಲಿ ಬರೆದರು. ಎಷ್ಟೋ ಟರ್ಮಿನಲ್‌ಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲವಾದ್ದರಿಂದ ಕರ್ಸರ್ ಓಡಿಸುವ ಕೆಲಸ ಕಂಟ್ರೋಲ್ ಕೀಲಿಯೊಂದಿಗೆ ಇ, ಎಸ್, ಡಿ, ಎಕ್ಸ್ ಅಕ್ಷರಗಳ ಪಾಲಿಗೆ ಬಂತು. ಮೆಮೊರಿಯೂ ಬಿಗಿ, ಅಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 64 ಕಿಲೋಬೈಟ್‌ಗಿಂತ ಹೆಚ್ಚಿರಲಿಲ್ಲ. ಇಂಗ್ಲಿಷ್ ಅಕ್ಷರಗಳನ್ನು ಸಂಖ್ಯೆಗಳಾಗಿಸುವ ಆಸ್ಕಿ ಸಂಕೇತಕ್ಕೆ 7 ಬಿಟ್ ಸಾಕು, ಬೈಟಿನ ಎಂಟನೆಯದು ಖಾಲಿ. ವರ್ಡ್‌ಸ್ಟಾರ್ ತನ್ನ ಗುರುತುಗಳನ್ನು ಅಲ್ಲಿಟ್ಟಿತು. ಪದದ ಕೊನೆಯ ಅಕ್ಷರಕ್ಕೆ ಆ ಬಿಟ್ ಹಚ್ಚಿತು. ಬಳಕೆದಾರ ಒತ್ತಿದ ರಿಟರ್ನ್ 13 ಎಂದು ದಾಖಲಾದರೆ, ಸಾಲು ತುಂಬಿದಾಗ ತಂತ್ರಾಂಶವೇ ಹಾಕಿದ ರಿಟರ್ನ್ ಆ ಬಿಟ್ ಸೇರಿ 141 ಎಂದಾಗುತ್ತಿತ್ತು. ಪ್ಯಾರಾ ಮತ್ತೆ ಜೋಡಿಸುವಾಗ ಯಾವುದನ್ನು ಮುರಿಯಬಹುದು, ಯಾವುದನ್ನು ಮುಟ್ಟಬಾರದು ಎಂದು ಅದಕ್ಕೆ ಗೊತ್ತಾಗುತ್ತಿದ್ದುದು ಹೀಗೆ. ಅಚ್ಚುಕಟ್ಟಾದ ಉಪಾಯವೇ ಸರಿ, ಆದರೆ ಕಡತ ವರ್ಡ್‌ಸ್ಟಾರ್‌ನೊಳಗೇ ಇರುವ ತನಕ. ಐಬಿಎಂ ಪಿಸಿಯಲ್ಲಿ ಅದೇ ಕಡತವನ್ನು ‘ಟೈಪ್’ ಆಜ್ಞೆಯಿಂದ ತೆರೆದರೆ ಇಂಗ್ಲಿಷ್ ಪದದ ಕೊನೆಯ ‘ಇ’ ಗ್ರೀಕ್ ಸಿಗ್ಮಾ ಆಗಿ, ‘ಎನ್’ ಎಪ್ಸಿಲಾನ್ ಆಗಿ ಕಾಣುತ್ತಿತ್ತು. ಪ್ರೋಗ್ರಾಂ ಬರೆಯುವವರಿಗೆಂದೇ ಈ ಗುರುತುಗಳಿಲ್ಲದ ‘ನಾನ್‌-ಡಾಕ್ಯುಮೆಂಟ್’ ಮೋಡ್ ಇತ್ತು. ಕನ್ನಡಕ್ಕೂ ಇದು ಹೊರಗಿನ ವಿಷಯವಲ್ಲ. 1991ರ ಇಸ್ಕಿ ಮಾನಕ ಭಾರತೀಯ ಲಿಪಿಗಳಿಗೆ ಕೊಟ್ಟದ್ದು 128ರ ಮೇಲಿನ ಜಾಗವನ್ನೇ. ಎಂಟನೆಯ ಬಿಟ್ಟನ್ನು ತನ್ನದೆಂದುಕೊಂಡ ತಂತ್ರಾಂಶದ ಜೊತೆ ಅದು ಹೊಂದುವಂತಿರಲಿಲ್ಲ.

ಅಲನ್ ಆಷ್ಟನ್, ಬ್ರೂಸ್ ಬ್ಯಾಸ್ಟಿಯನ್ ಯೂಟಾದ ಓರೆಮ್ ನಗರಾಡಳಿತಕ್ಕಾಗಿ ಶುರುಮಾಡಿದ ಕೆಲಸದಿಂದ ಬೆಳೆದ ವರ್ಡ್‌ಪರ್ಫೆಕ್ಟ್ ತದ್ವಿರುದ್ಧ ದಾರಿ ಹಿಡಿಯಿತು. ದಪ್ಪ ಅಕ್ಷರ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಸಂಕೇತಗಳನ್ನೆಲ್ಲ ‘ರಿವೀಲ್ ಕೋಡ್ಸ್’ ಕಿಟಕಿಯಲ್ಲಿ ಬಿಚ್ಚಿಟ್ಟಿತು. ಟೈಪಿಸ್ಟ್‌ಗಳು, ವಕೀಲರ ಕಚೇರಿಗಳು ಅದನ್ನು ಬಿಡಲೊಪ್ಪದ್ದಕ್ಕೆ ಈ ಪ್ರಾಮಾಣಿಕತೆಯೂ ಒಂದು ಕಾರಣ.

ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಅಡಗಿದ್ದುದು ಬೇರೆ ಬಗೆ. ಡಾಸ್‌ಗಾಗಿ ಬಂದ ವರ್ಡ್‌ನ ಆರಂಭದ ಒಂದು ಆವೃತ್ತಿ, ಯಾರೋ ನಕಲು ತಡೆಯನ್ನು ಕೆದಕುತ್ತಿದ್ದಾರೆ ಎನಿಸಿದರೆ, ಪಾಪದ ಮರಕ್ಕೆ ಕಹಿ ಹಣ್ಣೆಂದು ಉಪದೇಶಿಸಿ ಫ್ಲಾಪಿಯನ್ನು ಹಾಳುಗೆಡಹುತ್ತಿರುವುದಾಗಿ ಬೆದರಿಸುತ್ತಿತ್ತು. ಅಳಿಯುತ್ತಿದ್ದುದು ಮಾತ್ರ ಏನೂ ಇಲ್ಲ. ವಿಂಡೋಸ್‌ಗಾಗಿ 1991ರಲ್ಲಿ ಬಂದ 2.0 ಆವೃತ್ತಿಯಲ್ಲಿ ‘ಸ್ಪಿಫ್’ ಹೆಸರಿನ ಮ್ಯಾಕ್ರೊ ಮಾಡಿ ‘ಅಬೌಟ್’ ಕಿಟಕಿಗೆ ಹೋದರೆ ವರ್ಡ್‌ಪರ್ಫೆಕ್ಟ್ ರಾಕ್ಷಸನನ್ನು ಮಣಿಸುವ ಪುಟ್ಟ ಅನಿಮೇಷನ್ ಕಾಣುತ್ತಿತ್ತು. ವರ್ಡ್ 97ರಲ್ಲಿ ಪಿನ್‌ಬಾಲ್ ಆಟವೇ ಇತ್ತು. 2002ರಲ್ಲಿ ಬಿಲ್ ಗೇಟ್ಸ್ ಭದ್ರತೆಗೇ ಮೊದಲ ಸ್ಥಾನವೆಂದ ಮೇಲೆ, ಪರೀಕ್ಷೆಗೊಳಪಡದ ಇಂಥ ಕೋಡ್‌ಗೆ ಕಂಪನಿಯಲ್ಲಿ ಜಾಗ ಉಳಿಯಲಿಲ್ಲ.