ಭೂಪಟದ ಗೆರೆ, ನೆಲದ ಗುರುತು

ಎಳೆಯ ಮಕ್ಕಳಿಗೆ ಭೂಪಟದ ಪಾಠವನ್ನು ಜಿಲ್ಲೆಯ ಎಲ್ಲೆಗಳಿಂದ ತೊಡಗುವುದುಂಟು. ಆದರೆ ಎಲ್ಲೆಗಳು ಸ್ಥಿರವಲ್ಲವೆಂಬುದಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಇತಿಹಾಸವೇ ಸಾಕ್ಷಿ. 1997ಕ್ಕೆ ಮುಂಚೆ ಚನ್ನಗಿರಿ, ಹೊನ್ನಾಳಿಗಳ ಮಕ್ಕಳು ತಮ್ಮ ಊರನ್ನು ಶಿವಮೊಗ್ಗ ಜಿಲ್ಲೆಯ ಪಟದಲ್ಲಿ ಅರಸುತ್ತಿದ್ದರು. ಜಗಳೂರಿನವರು ಚಿತ್ರದುರ್ಗದ ಪಟದಲ್ಲಿ. ಆ ವರ್ಷದ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯು ರೂಪುಗೊಂಡು, ಮೂರೂ ಒಂದೇ ಪಟದಲ್ಲಿ ಕೂಡಿದವು. ಹೊನ್ನಾಳಿಗೆ ಸೇರಿದ್ದ ನ್ಯಾಮತಿಯು ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಹಳೆಯ ಪಟವನ್ನೇ ಬಾಯಿಪಾಠ ಮಾಡಿದ ಮಗು ತನ್ನ ಊರನ್ನು ಬೇರೊಂದು ಜಿಲ್ಲೆಯಲ್ಲಿ ತೋರಿಸೀತು. ಅದು ಮಗುವಿನ ದೋಷವಲ್ಲ, ಕಲಿಸಿದ ಕ್ರಮದ ದೋಷ.

ಗೆರೆಗಳು ಸರಿದರೂ ನೆಲ ಸರಿಯಲಿಲ್ಲ. ಹೊನ್ನಾಳಿಯ ಬಳಿ ತುಂಗಭದ್ರೆ ಅಂದಿನಂತೆಯೇ ಹರಿಯುತ್ತಿದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ ಹೊರಡುವ ಹರಿದ್ರಾ ಹೊಳೆ ಹರಿಹರದಲ್ಲಿ ಅದನ್ನು ಕೂಡುತ್ತದೆ. ದಾವಣಗೆರೆಯಿಂದ ಚನ್ನಗಿರಿ ತೆಂಕಣಕ್ಕೆ, ಜಗಳೂರು ಮೂಡಣಕ್ಕೆ, ಹೊನ್ನಾಳಿ ನ್ಯಾಮತಿಗಳು ನೈರುತ್ಯಕ್ಕೆ ಇರುವುದೂ ಬದಲಾಗಿಲ್ಲ. ಆದುದರಿಂದ ಮಗು ಮೊದಲು ಸೂರ್ಯೋದಯವನ್ನು ನೋಡಿ ದಿಕ್ಕನ್ನೂ, ಶಾಲೆಯಂಗಳವನ್ನು ಹೆಜ್ಜೆಯಿಂದ ಅಳೆದು ಪ್ರಮಾಣವನ್ನೂ, ತನ್ನೂರಿನ ಕೆರೆ ಹಳ್ಳಗಳನ್ನು ಬರೆದು ಸಂಕೇತಗಳನ್ನೂ ಅರಿಯಲಿ. ಎಲ್ಲೆಯ ಗೆರೆ ಕಡೆಯಲ್ಲಿ ಬರಲಿ. ಅದರೊಡನೆ ಪಟ ಅಚ್ಚಾದ ವರ್ಷವನ್ನು ಓದುವ ಅಭ್ಯಾಸವೂ ಬೆಳೆಯಲಿ.