ಹೊನ್ನಿನೂರಿನ ಹೆಣ್ಣುಮಕ್ಕಳು

ಹೆಣ್ಣು, ಹೊನ್ನು, ಮಣ್ಣು—ಈ ಮೂರನ್ನೂ ಒಂದೇ ಉಸಿರಿನಲ್ಲಿ ಎಣಿಸುವುದು ಕನ್ನಡಿಗರಲ್ಲಿ ಬಹುಕಾಲದ ರೂಢಿ. ಗಂಡಸು ಬಯಸತಕ್ಕ, ಗಳಿಸತಕ್ಕ, ಅದಕ್ಕಾಗಿ ಹೊಡೆದಾಡತಕ್ಕ ವಸ್ತುಗಳ ಪಟ್ಟಿಯದು. ಆ ಪಟ್ಟಿಯಲ್ಲಿ ಹೆಣ್ಣು ಹೊನ್ನಿನ ಮಗ್ಗುಲಲ್ಲಿ ಕುಳಿತಿರುವಳೇ ಹೊರತು, ಹೊನ್ನನ್ನು ಅರಸಿ ತಾನೇ ಹೊರಟವಳೆಂದು ಯಾರೂ ಎಣಿಸುವುದಿಲ್ಲ. ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರೂ ಬಹುಮಟ್ಟಿಗೆ ಇದೇ ದೃಷ್ಟಿಯಿಂದ ಬರೆದಿರುವರು. ಗುದ್ದಲಿ ಹಿಡಿದ ಗಂಡಸಿನ ಹೆಸರು ಅವುಗಳಲ್ಲಿ ದೊರೆಯುತ್ತದೆ. ಅವನಿಗೆ ರೊಟ್ಟಿ ಸುಟ್ಟವಳ, ಅಂಗಿ ಒಗೆದವಳ, ಅವನ ಪಕ್ಕದ ಹಳ್ಳದಲ್ಲಿ ತಾನೇ ಗಣಿಯ ಒಡತಿಯಾಗಿದ್ದವಳ ಹೆಸರು ಅಪೂರ್ವ. ಕೆನಡಾ ದೇಶದ ವಾಯವ್ಯದ ಅಂಚಿನಲ್ಲಿ, ಯೂಕಾನ್ ಪ್ರಾಂತದಲ್ಲಿರುವ ಡಾಸನ್ ಪಟ್ಟಣದ ಇತಿಹಾಸವನ್ನು ಈ ಕಾರಣದಿಂದಲೇ ಮತ್ತೊಮ್ಮೆ ನೋಡುವುದು ಉಚಿತವಾಗಿದೆ.

ಕ್ಲಾಂಡೈಕ್ ಎಂಬ ಚಿಕ್ಕ ನದಿಯು ಯೂಕಾನ್ ಎಂಬ ಮಹಾನದಿಯನ್ನು ಕೂಡುವ ಸ್ಥಳದಲ್ಲಿ ಈ ಪಟ್ಟಣವಿದೆ. ಉತ್ತರ ಧ್ರುವವೃತ್ತಕ್ಕೆ ಇದು ಸ್ವಲ್ಪವೇ ದಕ್ಷಿಣ. ಚಳಿಗಾಲದಲ್ಲಿ ಸೂರ್ಯನು ಮುಖ ತೋರಿಸಿದರೂ ಕ್ಷಣಮಾತ್ರ; ಉಷ್ಣತೆಯು ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿಯುವುದು ಅಲ್ಲಿ ಹೊಸತಲ್ಲ. ನದಿಗಳು ವರ್ಷದಲ್ಲಿ ಆರೇಳು ತಿಂಗಳು ಹೆಪ್ಪುಗಟ್ಟಿರುತ್ತವೆ. ನೆಲವಂತೂ ಬೇಸಗೆಯಲ್ಲಿಯೂ ಒಳಗೆ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ, ಅದರ ಮೇಲೆ ಬೆಂಕಿ ಹಾಕಿ, ಕರಗಿದಷ್ಟು ಮಣ್ಣನ್ನು ಅಗೆದು ತೆಗೆದು, ಮತ್ತೆ ಬೆಂಕಿ ಹಾಕಿ, ಹೀಗೆ ಚಳಿಗಾಲವೆಲ್ಲ ಮರಳನ್ನು ರಾಶಿ ಮಾಡುತ್ತಿದ್ದರು; ಬೇಸಗೆಯಲ್ಲಿ ನೀರು ಹರಿದಾಗ ಆ ರಾಶಿಯನ್ನು ಮರದ ದೋಣಿಗಳಲ್ಲಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದರು. ಇಷ್ಟೆಲ್ಲ ನಡೆಯುವುದಕ್ಕೆ ಮೊದಲು ಆ ಸಂಗಮಸ್ಥಾನವು ಟ್ರಾಂಡೆಕ್ ಹ್ವೆಚಿನ್ ಎಂಬ ಮೂಲನಿವಾಸಿಗಳು ಪ್ರತಿವರ್ಷವೂ ಮೀನು ಹಿಡಿದು ಒಣಗಿಸುತ್ತಿದ್ದ ಟ್ರೋಚೆಕ್ ಎಂಬ ಬೀಡಾಗಿದ್ದಿತು.

೧೮೯೬ನೆಯ ಇಸವಿ ಆಗಸ್ಟ್ ತಿಂಗಳ ನಡುವೆ, ಮುಂದೆ ಬೊನಾಂಜಾ ಎಂದು ಹೆಸರಾದ ಹಳ್ಳದಲ್ಲಿ ಚಿನ್ನವು ಕಣ್ಣಿಗೆ ಬಿದ್ದಿತು. ಅದನ್ನು ಕಂಡವರ ತಂಡದಲ್ಲಿ ಜಾರ್ಜ್ ಕಾರ್ಮ್ಯಾಕ್ ಎಂಬ ಬಿಳಿಯನೂ, ಕೀಶ್ ಎಂಬ ಟಾಗಿಶ್ ಪಂಗಡದವನೂ, ಇವರ ಬಂಧುವಾದ ಡಾಸನ್ ಚಾರ್ಲಿ ಎಂಬವನೂ ಇದ್ದರು. ಕೀಶನ ಸೋದರಿ, ಕಾರ್ಮ್ಯಾಕನ ಹೆಂಡತಿ, ಶಾವ್ ತ್ಲಾ. ಬಿಳಿಯರು ಅವಳನ್ನು ಕೇಟ್ ಎಂದು ಕರೆದರು. ಮೊದಲು ಚಿನ್ನವನ್ನು ಕಂಡವರು ಯಾರೆಂಬ ವಿಷಯದಲ್ಲಿ ಕಥೆಗಳು ಹಲವು. ಅದನ್ನು ಕಂಡವಳು ಅವಳೇ ಎಂಬುದೂ ಅವುಗಳಲ್ಲೊಂದು. ಆ ಮಾತು ಹೇಗಾದರೂ ಇರಲಿ. ಗಂಡಸರು ಅಗೆಯುತ್ತಿದ್ದ ಕಾಲದಲ್ಲಿ ಅವರ ಹೊಟ್ಟೆಗೆ ಹಾಕಿದವಳು ಅವಳು; ತೊಗಲಿನ ಪಾದರಕ್ಷೆಗಳನ್ನೂ ಕೈಚೀಲಗಳನ್ನೂ ಹೊಲಿದು ಇತರ ಗಣಿಗಾರರಿಗೆ ಮಾರಿ ಸಂಸಾರಕ್ಕೆ ಕಾಸು ಕೂಡಿಸಿದವಳೂ ಅವಳು. ಆದರೆ ಗಣಿಯ ಪಾಲುಗಳನ್ನು ಸರಕಾರದ ಪುಸ್ತಕದಲ್ಲಿ ಬರೆಸಿದಾಗ ಗಂಡಸರ ಹೆಸರುಗಳು ಬಂದವು, ಅವಳದು ಬರಲಿಲ್ಲ.

ಇದರ ಫಲವು ಬೇಗನೆ ತಿಳಿದುಬಂದಿತು. ಸಿರಿವಂತನಾದ ಕಾರ್ಮ್ಯಾಕನು ೧೯೦೦ರಲ್ಲಿ ಅವಳನ್ನು ತ್ಯಜಿಸಿ ಮತ್ತೊಬ್ಬಳನ್ನು ವರಿಸಿದನು. ಅವಳು ಕ್ಯಾಲಿಫೋರ್ನಿಯಾದ ನ್ಯಾಯಸ್ಥಾನವನ್ನು ಆಶ್ರಯಿಸಿದಳು. ಆದರೆ ಅವರ ವಿವಾಹವು ಟಾಗಿಶ್ ಜನರ ಪದ್ಧತಿಯಂತೆ ನಡೆದದ್ದು, ಅದಕ್ಕೆ ಕಾಗದವಿರಲಿಲ್ಲ. ಕಾಗದವಿಲ್ಲದ ಮದುವೆಯನ್ನು ಸಿದ್ಧಪಡಿಸಲು ಅವಳಿಂದಾಗಲಿಲ್ಲ. ಬರಿಗೈಯಿಂದ ತನ್ನ ನಾಡಿನ ಕಾರ್ಕ್ರಾಸ್ ಎಂಬ ಊರಿಗೆ ಹಿಂದಿರುಗಿ, ಅಣ್ಣನು ಕಟ್ಟಿಸಿಕೊಟ್ಟ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಬಾಳಿದಳು. ಮಗಳು ಕೂಡ ತಂದೆಯ ಪಾಲಾದಳು. ೧೯೨೦ರಲ್ಲಿ ಇನ್‌ಫ್ಲುಯೆಂಜಾ ಜ್ವರದ ಹಾವಳಿಯಲ್ಲಿ ಅವಳ ಬಾಳು ಮುಗಿಯಿತು. ಕೆನಡಾದ ಗಣಿಗಾರಿಕೆಯ ಕೀರ್ತಿಮಂದಿರದಲ್ಲಿ ಗಂಡಸರ ಹೆಸರುಗಳು ೧೯೯೯ರಲ್ಲಿ ಸೇರಿದವು. ಅವಳ ಹೆಸರು ಸೇರಿದುದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ, ೧೯೧೯ರಲ್ಲಲ್ಲ, ೨೦೧೯ರಲ್ಲಿ.

ಚಿನ್ನದ ಸುದ್ದಿಯು ಹೊರಗಿನ ಲೋಕಕ್ಕೆ ಮುಟ್ಟಿದುದು ೧೮೯೭ರ ಜುಲೈ ತಿಂಗಳಲ್ಲಿ. ಎಕ್ಸೆಲ್ಸಿಯರ್, ಪೋರ್ಟ್‌ಲೆಂಡ್ ಎಂಬ ಎರಡು ಹಡಗುಗಳು ಚಿನ್ನದ ಮೂಟೆಗಳನ್ನು ಹೊತ್ತು ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ಬಂದರುಗಳಿಗೆ ಬಂದವು. ಗಣಿಯಿಂದ ಹಿಂದಿರುಗಿದವರಲ್ಲಿ ಎಥೆಲ್ ಬೆರಿ ಎಂಬ ನವವಧುವೂ ಇದ್ದಳು. ಒಂದು ಲಕ್ಷದಷ್ಟು ಜನರು ಮನೆಮಾರು ಬಿಟ್ಟು ಹೊರಟರು. ಗುರಿ ಮುಟ್ಟಿದವರು ಅವರಲ್ಲಿ ಅರ್ಧದಷ್ಟೂ ಇಲ್ಲ. ಚಿಲ್ಕೂಟ್ ಕಣಿವೆಯ ದಾರಿಯಲ್ಲಿ ಒಂದು ವರ್ಷಕ್ಕೆ ಸಾಲುವಷ್ಟು ಆಹಾರವಿಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಗೊಡುತ್ತಿರಲಿಲ್ಲ. ಆಹಾರವೂ ಉಪಕರಣಗಳೂ ಸೇರಿ ಒಬ್ಬೊಬ್ಬರಿಗೂ ಒಂದು ಟನ್ನಿನಷ್ಟು ಭಾರ. ಅದನ್ನು ಸ್ವಲ್ಪಸ್ವಲ್ಪವಾಗಿ ಬೆನ್ನಿನ ಮೇಲೆ ಹೊತ್ತು, ಹಿಮದಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಾರು ಸಲ ಹತ್ತಿಳಿಯಬೇಕಾಗಿದ್ದಿತು. ೧೮೯೮ರ ಏಪ್ರಿಲ್ ೩ರಂದು ಅಲ್ಲಿ ಹಿಮರಾಶಿ ಜರಿದು ಅರವತ್ತಕ್ಕೂ ಮೇಲ್ಪಟ್ಟು ಜನರು ಮಡಿದರು. ಈ ದಾರಿಯನ್ನು ಸ್ತ್ರೀಯರು ಅಂದಿನ ಸಂಪ್ರದಾಯದಂತೆ ಕಾಲ್ಬೆರಳು ಮುಚ್ಚುವ ಲಂಗಗಳನ್ನು ತೊಟ್ಟೇ ಹತ್ತಿದರೆಂಬುದನ್ನು ವಾಚಕರು ನೆನೆಯಬೇಕು.

ಹಾಗೆ ಹತ್ತಿದವರಲ್ಲಿ ಚಿಕಾಗೋ ನಗರದ ಮಾರ್ಥಾ ಪರ್ಡಿ ಒಬ್ಬಳು. ಸುಖದಲ್ಲಿ ಬೆಳೆದವಳು, ಎರಡು ಮಕ್ಕಳ ತಾಯಿ. ಗಂಡನೊಡನೆ ಹೊರಡಬೇಕೆಂದಿದ್ದಳು, ಅವನು ಅರ್ಧದಲ್ಲೇ ಮನಸ್ಸು ಬದಲಾಯಿಸಿ ಹವಾಯಿ ದ್ವೀಪಗಳಿಗೆ ಹೋಗೋಣವೆಂದನು. ಅವಳು ಒಪ್ಪಲಿಲ್ಲ. ೧೮೯೮ರಲ್ಲಿ ತಮ್ಮನೊಡನೆ ಕಣಿವೆಯನ್ನು ದಾಟಿದಳು. ಆಗ ಅವಳು ಗರ್ಭಿಣಿ. ಆಸ್ಪತ್ರೆಯ ವೆಚ್ಚವನ್ನು ಭರಿಸಲಾರದೆ ೧೮೯೯ರ ಜನವರಿಯ ಕೊರೆಯುವ ಚಳಿಯಲ್ಲಿ ಮರದ ದಿಮ್ಮಿಗಳ ಗುಡಿಸಲಿನಲ್ಲಿ ಗಂಡುಮಗುವನ್ನು ಹೆತ್ತಳು. ನೆರೆಯ ಗಣಿಗಾರರು ಬಾಣಂತಿಯನ್ನು ನೋಡಲು ತಂಡತಂಡವಾಗಿ ಕಾಣಿಕೆಗಳೊಡನೆ ಬಂದರು. ತಮ್ಮ ಮನೆಯ ಮಕ್ಕಳನ್ನು ಸಾವಿರಾರು ಮೈಲಿ ದೂರದಲ್ಲಿ ಬಿಟ್ಟು ಬಂದವರಿಗೆ ಒಂದು ಹಸುಗೂಸಿನ ದರ್ಶನವೇ ಹಬ್ಬವಾಗಿದ್ದಿತು. ತಂದೆ ಬಂದು ಅವಳನ್ನು ತವರಿಗೆ ಕರೆದೊಯ್ದರೂ ಅವಳ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಮರಳಿ ಬಂದು ಮರ ಕೊಯ್ಯುವ ಕಾರ್ಖಾನೆಯನ್ನು ತಾನೇ ನಡೆಸಿದಳು.

ಬೆಲಿಂಡಾ ಮಲ್ರೂನಿಯ ವೃತ್ತಾಂತವು ಬೇರೊಂದು ಬಗೆಯದು. ಐರ್ಲೆಂಡಿನಲ್ಲಿ ೧೮೭೨ರಲ್ಲಿ ಹುಟ್ಟಿದ ಈ ಬಡವರ ಮಗಳು, ಎಲ್ಲರೂ ಗುದ್ದಲಿ ಸಲಿಕೆಗಳನ್ನು ಹೊತ್ತು ತರುವಾಗ ಬಟ್ಟೆಯ ಥಾನುಗಳನ್ನೂ ಬಿಸಿನೀರು ತುಂಬಿ ಮೈ ಕಾಯಿಸಿಕೊಳ್ಳುವ ಸೀಸೆಗಳನ್ನೂ ತಂದಳು. ಚಳಿಯಲ್ಲಿ ನಡುಗುವ ಊರಿನಲ್ಲಿ ಏನು ಮಾರಾಟವಾದೀತೆಂಬುದನ್ನು ಅವಳು ಚೆನ್ನಾಗಿ ಬಲ್ಲಳು. ಹಾಕಿದ ಬಂಡವಾಳವು ಹಲವು ಪಟ್ಟಾಗಿ ಮರಳಿತು. ಊರೊಳಗೆ ಎಲ್ಲರೂ ಹೋಟೆಲು ಕಟ್ಟುತ್ತಿದ್ದಾಗ ಅವಳು ಗಣಿಗಳ ನಡುವೆ, ಬೊನಾಂಜಾ ಮತ್ತು ಎಲ್ಡೊರಾಡೊ ಹಳ್ಳಗಳು ಕೂಡುವಲ್ಲಿ, ಒಂದು ತಂಗುಮನೆಯನ್ನು ಕಟ್ಟಿದಳು. ನಕ್ಕವರೇ ಅಲ್ಲಿಗೆ ಊಟಕ್ಕೆ ಬಂದರು. ಉಣ್ಣುವವರು ಆಡುವ ಮಾತಿನಿಂದ ಯಾವ ಗಣಿಯಲ್ಲಿ ಎಷ್ಟು ಚಿನ್ನವಿದೆಯೆಂಬ ಗುಟ್ಟು ಅವಳಿಗೆ ತಿಳಿಯುತ್ತಿತ್ತು. ಅದರಂತೆ ತಾನೂ ಗಣಿಗಳಲ್ಲಿ ಪಾಲು ಕೊಂಡಳು. ೧೮೯೮ರ ಜುಲೈ ತಿಂಗಳಲ್ಲಿ ಡಾಸನ್ನಿನಲ್ಲಿ ಫೇರ್‌ವ್ಯೂ ಎಂಬ ಹೋಟೆಲನ್ನು ತೆರೆದಳು. ಹಿತ್ತಾಳೆಯ ಮಂಚಗಳು, ವಿದ್ಯುದ್ದೀಪಗಳು, ಹಬೆಯ ಸ್ನಾನದ ಏರ್ಪಾಡು ಎಲ್ಲವೂ ಅಲ್ಲಿದ್ದವು. ಆದರೆ ಕೋಣೆಗಳ ನಡುವಣ ಗೋಡೆಗಳು ಮಾತ್ರ ಕಾಗದ ಅಂಟಿಸಿದ ಕಿತ್ತಾನಿನ ಬಟ್ಟೆ. ಒಬ್ಬರ ಪಿಸುಮಾತು ಮತ್ತೊಬ್ಬರಿಗೆ ಕೇಳುತ್ತಿತ್ತು.

ಇಂತಹ ಧೀರೆಯೂ ಒಂದು ಕಡೆ ಎಡವಿದಳು. ತಾನು ಫ್ರಾನ್ಸಿನ ಶ್ರೀಮಂತ ಮನೆತನದವನೆಂದು ಹೇಳಿಕೊಂಡ ಕಾರ್ಬನೋ ಎಂಬವನನ್ನು ೧೯೦೦ರಲ್ಲಿ ಮದುವೆಯಾದಳು. ಆರು ವರ್ಷಗಳಲ್ಲಿ ವಿವಾಹವೂ ಮುರಿಯಿತು, ಕೂಡಿಟ್ಟ ಐಶ್ವರ್ಯದ ಬಹುಭಾಗವೂ ಕರಗಿತು. ಆದರೂ ಅವಳು ಕೈಕಟ್ಟಿ ಕೂಡಲಿಲ್ಲ. ಅಲಾಸ್ಕಾದಲ್ಲಿ ಮತ್ತೊಮ್ಮೆ ವ್ಯವಹಾರಕ್ಕೆ ಇಳಿದು ಗಳಿಸಿದಳು. ತೊಂಬತ್ತೈದು ವರ್ಷ ಬಾಳಿ ೧೯೬೭ರಲ್ಲಿ ಸಿಯಾಟಲ್ ನಗರದಲ್ಲಿ ತೀರಿಕೊಂಡಳು.

ಎಲ್ಲರೂ ಬೆಲಿಂಡಾಗಳಾಗಿರಲಿಲ್ಲ. ಬಹುಮಂದಿ ಸ್ತ್ರೀಯರು ಮಾಡಿದುದು ಮನೆಯಲ್ಲಿ ಕಲಿತ ಕೆಲಸಗಳನ್ನೇ. ಬಟ್ಟೆ ಒಗೆಯುವುದು, ರೊಟ್ಟಿ ಸುಡುವುದು, ಹೊಲಿಯುವುದು, ಅನ್ನ ಹಾಕುವುದು—ಮನೆಯಲ್ಲಿ ಬೆಲೆಯಿಲ್ಲದ ಈ ಕೆಲಸಗಳಿಗೆ ಅಲ್ಲಿ ಚಿನ್ನದ ಪುಡಿಯನ್ನು ತೂಗಿ ಕೊಡುತ್ತಿದ್ದರು. ಒಂದು ಔನ್ಸು ಪುಡಿಗೆ ಹದಿನಾರು ಡಾಲರೆಂದು ವ್ಯಾಪಾರದಲ್ಲಿ ಲೆಕ್ಕ. ಕ್ವಿಬೆಕ್ ಪ್ರಾಂತದ ಎಮಿಲಿ ಟ್ರಾಂಬ್ಲೆ ಎಂಬವಳು ಚಿನ್ನದ ಗದ್ದಲಕ್ಕೂ ಮೊದಲೇ, ೧೮೯೪ರಲ್ಲಿ, ಗಂಡನೊಡನೆ ಚಿಲ್ಕೂಟ್ ದಾಟಿ ಬಂದು, ಗಣಿಯ ಹಳ್ಳದಲ್ಲಿ ಗುಡಿಸಲ ಮಣ್ಣಿನ ಮಾಡಿನ ಮೇಲೆ ಮೂಲಂಗಿ ಮತ್ತು ಸೊಪ್ಪನ್ನು ಬೆಳೆದಳು. ಮುಂದೆ ಡಾಸನ್ನಿನಲ್ಲಿ ಬಟ್ಟೆಯ ಅಂಗಡಿಯನ್ನಿಟ್ಟು ಗೌರವದಿಂದ ಬಾಳಿದಳು. ಅಮೆರಿಕದ ನೀಗ್ರೋ ಜನಾಂಗದ ಲೂಸಿಲ್ ಹಂಟರ್ ಹದಿಹರೆಯದಲ್ಲಿಯೇ ಗರ್ಭಿಣಿಯಾಗಿ ಸ್ಟಿಕೀನ್ ನದಿಯ ದುರ್ಗಮ ಮಾರ್ಗದಿಂದ ಹೊರಟು, ದಾರಿಯ ಟೆಸ್ಲಿನ್ ಎಂಬಲ್ಲಿ ಹೆಣ್ಣುಮಗುವನ್ನು ಹೆತ್ತು ಅದಕ್ಕೆ ಆ ಊರ ಹೆಸರನ್ನೇ ಇಟ್ಟಳು. ಗಂಡ ಹೆಂಡಿರು ಬೊನಾಂಜಾದಲ್ಲಿ ಗಣಿ ಹಿಡಿದರು. ೧೯೩೯ರಲ್ಲಿ ಗಂಡನು ಸತ್ತ ಮೇಲೂ ಅವಳು ಗಣಿಗಳನ್ನು ತಾನೇ ನಡೆಸಿದಳು. ಆ ಬಳಿಕ ವೈಟ್‌ಹಾರ್ಸ್ ಊರಿನಲ್ಲಿ ಬಟ್ಟೆ ಒಗೆಯುವ ಅಂಗಡಿಯನ್ನಿಟ್ಟು ೧೯೭೨ರವರೆಗೂ ಬದುಕಿದ್ದಳು.

೧೮೯೮ರ ಬೇಸಗೆಯಲ್ಲಿ ಡಾಸನ್ನಿನ ಜನಸಂಖ್ಯೆ ಹದಿನಾರು ಸಾವಿರವನ್ನು ಮೀರಿತು. ಕೆಸರಿನ ನೆಲ, ಕೊಳಕು ನೀರು, ವಿಷಮಜ್ವರವು ಹಬ್ಬಿತು. ವಿಲಿಯಂ ಜಡ್ಜ್ ಎಂಬ ಪಾದ್ರಿಯು ಕಟ್ಟಿದ್ದ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಸೇಂಟ್ ಆನ್ ಮಠದ ಸನ್ಯಾಸಿನಿಯರು ರೋಗಿಗಳ ಸೇವೆಗೆ ನಿಂತರು. ಕೆನಡಾದಲ್ಲಿ ೧೮೯೭ರಲ್ಲಿ ಸ್ಥಾಪಿತವಾದ ವಿಕ್ಟೋರಿಯನ್ ದಾದಿಯರ ಸಂಘವು ನಾಲ್ವರು ದಾದಿಯರನ್ನು ಸೈನ್ಯದ ತುಕಡಿಯೊಡನೆ ಕಳುಹಿಸಿತು. ಜವುಗಿನಲ್ಲಿ ನೂರಾರು ಮೈಲಿ ನಡೆದು ಬಂದ ಆ ದಾದಿಯರಿಗೆ ಜ್ವರದ ವಾರ್ಡುಗಳೇ ಸ್ವಾಗತವಾದವು. ಅವರೊಡನೆ ಟೊರಾಂಟೋದ ಗ್ಲೋಬ್ ಪತ್ರಿಕೆಗೆ ಸುದ್ದಿ ಬರೆಯಲು ಫೇತ್ ಫೆಂಟನ್ ಬಂದಳು. ಲಂಡನ್ನಿನ ಟೈಮ್ಸ್ ಪತ್ರಿಕೆಯ ಪರವಾಗಿ ಫ್ಲೋರಾ ಶಾ ಬಂದು, ಅಲ್ಲಿಯ ಅಧಿಕಾರಿಗಳ ಲಂಚಗುಳಿತನವನ್ನು ಬಯಲಿಗೆಳೆದಳು. ನೆಲ್ಲಿ ಕ್ಯಾಶ್‌ಮನ್ ಎಂಬ ಐರಿಷ್ ಸ್ತ್ರೀಯಂತೂ ಗಣಿಯೂರುಗಳಲ್ಲಿಯೇ ಬಾಳನ್ನು ಸವೆಸಿದವಳು. ಗಳಿಸಿದುದರಲ್ಲಿ ಬಹುಪಾಲನ್ನು ಆಸ್ಪತ್ರೆಗಳಿಗೂ ಕಷ್ಟದಲ್ಲಿದ್ದ ಗಣಿಗಾರರಿಗೂ ಕೊಟ್ಟಳು.

ಕತೆಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಹೆಚ್ಚು ಪ್ರಸಿದ್ಧಿ ಪಡೆದವರು ಇವರಾರೂ ಅಲ್ಲ, ನೃತ್ಯಶಾಲೆಯ ನರ್ತಕಿಯರು. ಒಂದು ಕುಣಿತಕ್ಕೆ ಒಂದು ಡಾಲರು. ಅದರಲ್ಲಿ ಒಂದು ಭಾಗ ಶಾಲೆಯ ಯಜಮಾನನಿಗೆ. ರಾತ್ರಿಯೆಲ್ಲ ಬೂಟುಗಾಲಿನ ಗಣಿಗಾರರೊಡನೆ ಕುಣಿಯುವುದು ವಿಲಾಸವಲ್ಲ, ಕೂಲಿ. ಇದಕ್ಕಿಂತಲೂ ಕೆಳಗಿಳಿದು ದೇಹವನ್ನೇ ಮಾರಿಕೊಂಡು ಬದುಕಬೇಕಾದವರೂ ಇದ್ದರು. ಊರಿಗೆ ಗೃಹಿಣಿಯರೂ ಬ್ಯಾಂಕುಗಳೂ ಬಂದು ಮರ್ಯಾದೆ ಹೆಚ್ಚಿದಂತೆಲ್ಲ ಈ ದುರ್ದೈವಿಗಳನ್ನು ಬೀದಿಯಿಂದ ಬೀದಿಗೆ ಅಟ್ಟಿ, ಕಡೆಗೆ ಕ್ಲಾಂಡೈಕ್ ನದಿಯ ಆಚೆಯ ದಡಕ್ಕೆ ಸಾಗಿಸಿದರು. ಆ ದಡವೇ ಹಿಂದಿನ ಟ್ರೋಚೆಕ್. ಅಲ್ಲಿದ್ದ ಮೂಲನಿವಾಸಿಗಳು ಅಷ್ಟರಲ್ಲಿ ತಮ್ಮ ಮುಖಂಡನಾದ ಐಸಾಕನ ಹಿಂದೆ ನದಿಯ ಕೆಳಭಾಗದ ಮೂಸ್‌ಹೈಡ್ ಎಂಬ ಸ್ಥಳಕ್ಕೆ ಹೋಗಿದ್ದರು. ಹೀಗೆ ಒಂದೇ ತುಂಡು ನೆಲದಿಂದ ಒಬ್ಬರನ್ನು ಚಿನ್ನವು ಹೊರಡಿಸಿತು. ಮತ್ತೊಬ್ಬರನ್ನು ಮರ್ಯಾದೆಯು ಅಲ್ಲಿಗೆ ದೂಡಿತು.

೧೮೯೯ರ ಏಪ್ರಿಲಿನ ಬೆಂಕಿಯಲ್ಲಿ ಡಾಸನ್ನಿನ ನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ಅದೇ ಬೇಸಗೆಯಲ್ಲಿ ಅಲಾಸ್ಕಾದ ನೋಮ್ ಎಂಬಲ್ಲಿ ಚಿನ್ನವಿದೆಯೆಂಬ ಸುದ್ದಿ ಬಂದಿತು. ಬಂದ ವೇಗದಲ್ಲಿಯೇ ಸಾವಿರಾರು ಗಂಡಸರು ಊರು ಬಿಟ್ಟರು. ಉಳಿದವರು ಊರನ್ನು ಊರಾಗಿ ಉಳಿಸಿಕೊಂಡರು: ಶಾಲೆ, ಇಗರ್ಜಿ, ಆಸ್ಪತ್ರೆ, ಅಂಗಡಿ. ಮಾರ್ಥಾ ೧೯೦೪ರಲ್ಲಿ ಜಾರ್ಜ್ ಬ್ಲ್ಯಾಕ್ ಎಂಬ ವಕೀಲನನ್ನು ವರಿಸಿದಳು. ಯೂಕಾನಿನ ಕಾಡುಹೂಗಳನ್ನು ಸಂಗ್ರಹಿಸಿ ಆ ವಿಷಯದಲ್ಲಿ ಪ್ರಮಾಣವೆನಿಸಿದಳು. ೧೯೩೫ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಅಸ್ವಸ್ಥನಾದ ಗಂಡನ ಸ್ಥಾನಕ್ಕೆ ಸ್ಪರ್ಧಿಸಿ ಕೆನಡಾದ ಪಾರ್ಲಿಮೆಂಟನ್ನು ಪ್ರವೇಶಿಸಿದಳು. ಆ ಸಭೆಗೆ ಆಯ್ಕೆಯಾದ ಸ್ತ್ರೀಯರಲ್ಲಿ ಅವಳು ಎರಡನೆಯವಳು. ಆದರೆ ಅವಳು ಪ್ರತಿನಿಧಿಸಿದ ನಾಡಿನಲ್ಲಿಯೇ ಶಾವ್ ತ್ಲಾಳ ಕುಲದ ಸ್ತ್ರೀಯರು, ತಮ್ಮ ಕಾನೂನುಸಮ್ಮತ ಸ್ಥಾನವನ್ನು ಬಿಟ್ಟುಕೊಡದೆ ದೇಶದ ಚುನಾವಣೆಯಲ್ಲಿ ಮತ ಕೊಡಲು ೧೯೬೦ರವರೆಗೂ ಕಾಯಬೇಕಾಯಿತು.

ಡಾಸನ್ನಿನ ಹೆಣ್ಣುಮಕ್ಕಳೆಲ್ಲರ ಸಾಹಸವನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಧೈರ್ಯವು ಎಲ್ಲರಲ್ಲಿಯೂ ಇದ್ದಿತು. ಆದರೆ ಆ ಧೈರ್ಯದ ಫಲವು ಕೈಗೆ ಸೇರಿದುದು, ಹೆಸರು ದಾಖಲೆಯಲ್ಲಿ ಬರೆಯಲ್ಪಟ್ಟವರಿಗೆ ಮಾತ್ರ. ಬೆಲಿಂಡಾ ಸೋತರೂ ಮತ್ತೆ ಎದ್ದಳು, ಏಕೆಂದರೆ ಅವಳ ಹೋಟೆಲೂ ಗಣಿಯೂ ಅವಳ ಹೆಸರಿನಲ್ಲಿದ್ದವು. ಲೂಸಿಲ್ ವಿಧವೆಯಾದರೂ ನಿಂತಳು, ಏಕೆಂದರೆ ಗಣಿಯ ಹಕ್ಕು ಅವಳಲ್ಲಿ ಉಳಿಯಿತು. ಎಲ್ಲಕ್ಕೂ ಮೊದಲಿನವಳಾದ ಶಾವ್ ತ್ಲಾಳಿಗೆ ಮದುವೆಯ ಕಾಗದವೂ ಇರಲಿಲ್ಲ, ಗಣಿಯ ಕಾಗದವೂ ಇರಲಿಲ್ಲ. ೧೯೯೮ರಲ್ಲಿ ಟ್ರಾಂಡೆಕ್ ಹ್ವೆಚಿನ್ ಜನರು ಕೆನಡಾ ಸರಕಾರದೊಡನೆ ಒಪ್ಪಂದ ಮಾಡಿಕೊಂಡು ಟ್ರೋಚೆಕ್ ನೆಲವನ್ನು ಮರಳಿ ಪಡೆದರು. ೨೦೨೩ರಲ್ಲಿ ಆ ಪ್ರದೇಶವು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಈ ಸಲ ಅವರ ಹಕ್ಕು ಬಾಯಿಮಾತಿನಲ್ಲಿ ನಿಲ್ಲದೆ ಬರವಣಿಗೆಯಲ್ಲಿ ಮೂಡಿದೆ.